ಮಂಚದಿಂದ ಇಳಿಸಲು ನೂರು ವರ್ಷ

"ಏದುಸಿರು ಬರ್ತಿದೆ ಅಂದ್ಮೇಲೆ ಸುಮ್ನೆ ಮಲಗ್ಬೇಕು, ಓಡಾಡಬಾರದು." ನಮ್ಮ ಕಡೆ ಯಾರಿಗೇ ದಮ್ಮು ಬರಲಿ, ಮೊದಲು ಸಿಗುವ ಸಲಹೆ ಇದು. ಕೇಳೋಕೆ ಸರಿಯಾಗೇ ಇದೆ. ಉಸಿರೇ ಸಾಲದವರನ್ನು ನಡೆಸೋದು ಯಾವ ನ್ಯಾಯ? ಆದರೆ ಇದನ್ನು ಬರೀ ಊರಿನ ಹಿರಿಯರ ಮಾತು ಅಂತ ತಳ್ಳಿಹಾಕೋ ಹಾಗಿಲ್ಲ. ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಬಹಳ ಕಾಲ ಇದೇ ಪಾಠ ನಡೆದಿತ್ತು. ಆ ಪಾಠ ಎಲ್ಲಿಂದ ಬಂತು, ಯಾರು ಅದನ್ನು ಮುರಿದರು, ಶ್ವಾಸಕೋಶಕ್ಕೆ ಅಂತ ಶುರುವಾದ ವ್ಯಾಯಾಮ ಕೊನೆಗೆ ಮಿದುಳಿನ ವಿಷಯಕ್ಕೆ ಹೇಗೆ ಬಂತು ಅನ್ನೋದು ಓದಿದಷ್ಟೂ ಸ್ವಾರಸ್ಯವಾಗಿದೆ.

ಕಥೆ ಶುರುವಾಗೋದು ಕ್ಷಯದಿಂದ. 1850ರ ದಶಕದಲ್ಲಿ ಹರ್ಮನ್ ಬ್ರೆಹ್ಮರ್ ಅನ್ನೋ ಜರ್ಮನ್ ವೈದ್ಯ ಗೋರ್ಬರ್ಸ್‌ಡಾರ್ಫ್ ಎಂಬ ಬೆಟ್ಟದೂರಿನಲ್ಲಿ ಕ್ಷಯ ರೋಗಿಗಳಿಗಾಗಿ ಆಶ್ರಮದಂಥ ಆಸ್ಪತ್ರೆ ಕಟ್ಟಿದ. ಒಳ್ಳೆ ಗಾಳಿ, ಒಳ್ಳೆ ಊಟ, ಜತೆಗೆ ಬೆಟ್ಟದ ದಾರಿಗಳಲ್ಲಿ ಲೆಕ್ಕ ಹಾಕಿದ ನಡಿಗೆ. ಅಲ್ಲಿಗೆ ರೋಗಿಯಾಗಿ ಬಂದು, ಆಮೇಲೆ ಅವನಿಗೇ ಸಹಾಯಕನಾದ ಪೀಟರ್ ಡೆಟ್‌ವೈಲರ್ 1876ರಲ್ಲಿ ಫಾಲ್ಕೆನ್‌ಸ್ಟೈನ್‌ನಲ್ಲಿ ಬೇರೆ ಆಸ್ಪತ್ರೆ ಶುರು ಮಾಡಿದ. ಅವನು ಗುರುವಿನ ಗಾಳಿ, ಊಟ ಎರಡನ್ನೂ ಉಳಿಸಿಕೊಂಡು ನಡಿಗೆಯ ಜಾಗದಲ್ಲಿ ವಿಶ್ರಾಂತಿ ತಂದ. ಉದ್ದನೆಯ ಜಗಲಿ, ಸಾಲಾಗಿ ಒರಗುಕುರ್ಚಿ, ಕಂಬಳಿ ಹೊದ್ದು ಗಂಟೆಗಟ್ಟಲೆ ಮಲಗಿದ ರೋಗಿಗಳು. ಜಗತ್ತು ಒಪ್ಪಿಕೊಂಡಿದ್ದು ಶಿಷ್ಯನನ್ನ. ಸ್ಯಾನಿಟೋರಿಯಂ ಅಂದ ತಕ್ಷಣ ಇವತ್ತಿಗೂ ಕಣ್ಣ ಮುಂದೆ ಬರೋದು ಆ ಕುರ್ಚಿಗಳ ಸಾಲೇ.

ಆ ಗಾಳಿ ನಮ್ಮವರೆಗೂ ಬೀಸಿತು. ಮೈಸೂರಿನ ರಾಜಕುಮಾರಿ, ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ತೀರಿಕೊಂಡಿದ್ದು ಕ್ಷಯದಿಂದ. ಅವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಸ್ಯಾನಿಟೋರಿಯಂ ಆಯ್ತು. ಹಳೇ ಮೈಸೂರಿನ ಜನ ಇವತ್ತಿಗೂ ಅದನ್ನು ಪಿಕೆಟಿಬಿ ಅಂತಲೇ ಕರೆಯೋದು. ಔಷಧಿಯೇ ಇಲ್ಲದ ಆ ಕಾಲದಲ್ಲಿ ವೈದ್ಯರು ಕೊಡಬಹುದಾಗಿದ್ದು ಗಾಳಿ, ಹಾಲು, ವಿಶ್ರಾಂತಿ ಇಷ್ಟೇ.

ಎದುರು ಮಾತಾಡಿದವರು ಇರಲಿಲ್ಲ ಅಂತಲ್ಲ. ಚಾರ್ಲ್ಸ್ ಡೆನಿಸನ್ ತನ್ನ ಶ್ವಾಸಕೋಶದ ಕಾಯಿಲೆಯ ದೆಸೆಯಿಂದಲೇ ಅಮೆರಿಕದ ಡೆನ್ವರಿಗೆ ಬಂದು ನೆಲೆಸಿದ ವೈದ್ಯ. ಅವನು 1895ರಲ್ಲಿ ಶ್ವಾಸಕೋಶದ ರೋಗಿಗಳ ವ್ಯಾಯಾಮ ಮತ್ತು ಆಹಾರದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಹತ್ತು ವರ್ಷದ ನಂತರ ಇಂಗ್ಲೆಂಡಿನ ಫ್ರಿಮ್ಲಿ ಸ್ಯಾನಿಟೋರಿಯಂನಲ್ಲಿ ಮಾರ್ಕಸ್ ಪ್ಯಾಟರ್ಸನ್ ಇನ್ನೂ ಮುಂದೆ ಹೋದ. ರೋಗಿಯ ಜ್ವರ ಇಳಿದ ಮೇಲೆ ಮೊದಲು ನಡಿಗೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ದಿನಕ್ಕೆ ಹತ್ತು ಮೈಲಿಯವರೆಗೂ. ಆಮೇಲೆ ಬುಟ್ಟಿಯಲ್ಲಿ ಮಣ್ಣು ಹೊರೋದು, ಸಣ್ಣ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಗುದ್ದಲಿ. ಜ್ವರ ಏರಿತೋ, ಮತ್ತೆ ಹಾಸಿಗೆ. ಶ್ರಮ ಬಿದ್ದಾಗ ದೇಹ ತನಗೆ ತಾನೇ ಲಸಿಕೆ ಹಾಕಿಕೊಳ್ಳುತ್ತೆ ಅನ್ನೋದು ಅವನ ಸಿದ್ಧಾಂತ. ಸಿದ್ಧಾಂತ ನಿಲ್ಲಲಿಲ್ಲ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಶ್ರಮ ಹೆಚ್ಚಿಸುತ್ತಾ, ಪ್ರತಿ ಮೆಟ್ಟಿಲಲ್ಲೂ ರೋಗಿಯನ್ನು ಅಳೆದು ನೋಡೋ ಆ ವಿಧಾನ ಇದೆಯಲ್ಲ, ಇವತ್ತಿನ ಫಿಸಿಯೋಥೆರಪಿ ಕೋಣೆಯಲ್ಲಿ ನಡೆಯೋದು ಹೆಚ್ಚುಕಡಿಮೆ ಅದೇ.

ಇಷ್ಟಾದರೂ ಗೆದ್ದಿದ್ದು ಮಂಚ. ಅದು ಸೋತಿದ್ದು ಯಾರ ವಾದದಿಂದಲೂ ಅಲ್ಲ, ಬಡತನದಿಂದ. ಸೋತ ಜಾಗ ಮದರಾಸು.

1950ರ ದಶಕದ ಹೊತ್ತಿಗೆ ಕ್ಷಯಕ್ಕೆ ಔಷಧಿ ಬಂದಿತ್ತು. ಆದರೆ ಭಾರತದ ಲಕ್ಷಾಂತರ ರೋಗಿಗಳಿಗೆ ಸ್ಯಾನಿಟೋರಿಯಂ ಹಾಸಿಗೆ ಎಲ್ಲಿಂದ ತರೋದು? 1956ರಲ್ಲಿ ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ವಾಲೆಸ್ ಫಾಕ್ಸ್ ಮತ್ತು ಸಂಗಡಿಗರು ಒಂದು ಪ್ರಯೋಗಕ್ಕೆ ಕೈ ಹಾಕಿದರು. ಸುಮಾರು ಇನ್ನೂರು ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಿಟೋರಿಯಂ, ಅಲ್ಲಿನ ಊಟ, ಅಲ್ಲಿನ ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ಕಿಕ್ಕಿರಿದ ಮನೆಗಳಲ್ಲೇ ಇದ್ದು ಅದೇ ಮಾತ್ರೆ ನುಂಗಬೇಕು. ಮನೆಯಲ್ಲಿದ್ದವರ ಊಟ ಕಳಪೆ, ವಿಶ್ರಾಂತಿ ಕಡಿಮೆ, ಕೆಲಸ ಜಾಸ್ತಿ. 1959ರಲ್ಲಿ ಬಂದ ಫಲಿತಾಂಶ ನೋಡಿದರೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಗುಣವಾಗಿದ್ದವು. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತು. ಮನೆಯಲ್ಲೇ ಚಿಕಿತ್ಸೆ ಅನ್ನೋ ತಳಹದಿಯ ಮೇಲೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿದ್ದು ಅಲ್ಲಿ. ಏರ್‌ಪೋರ್ಟಿಗೆ ಹೋಗೋವಾಗ ನಾವೆಲ್ಲ ಕ್ಯಾಬಲ್ಲಿ ಕೂತು ಅದರ ಆಸುಪಾಸಿನಲ್ಲೇ ದಾಟಿ ಹೋಗ್ತೀವಿ.

ಕ್ಷಯದವರು ಮಂಚದಿಂದ ಇಳಿದರು. ಉಳಿದವರ ಗತಿ? ಅಂದ್ರೆ ಬೀಡಿ, ಸಿಗರೇಟು, ಕಾರ್ಖಾನೆಯ ಧೂಳು, ಒಲೆಯ ಹೊಗೆಯಿಂದ ಶ್ವಾಸನಾಳಗಳು ಕಿರಿದಾಗಿ, ಗಾಳಿಚೀಲಗಳ ಗೋಡೆ ಹರಿದವರು. ಇವತ್ತು ಇದನ್ನು ಸಿಒಪಿಡಿ ಅಂತಾರೆ. ಇದರಲ್ಲಿ ಕಷ್ಟ ಗಾಳಿ ಒಳಗೆ ಹೋಗೋದಕ್ಕಿಂತ ಹೊರಗೆ ಬರೋದರಲ್ಲಿ. ಹಳೇ ಗಾಳಿ ಪೂರ್ತಿ ಖಾಲಿ ಆಗೋ ಮೊದಲೇ ಮುಂದಿನ ಉಸಿರು ಎಳೀಬೇಕು. ನಾಲ್ಕು ಹೆಜ್ಜೆ ಜೋರಾಗಿ ಹಾಕಿದರೆ ಎದೆ ಬಿಗಿದು ಬರುತ್ತೆ. ಅದಕ್ಕೇ ಜನ ನಡೆಯೋದು ಬಿಡ್ತಾರೆ.

ಬಿಟ್ಟಾಗ ಏನಾಗುತ್ತೆ ಅನ್ನೋದು ಗೊತ್ತಾಗಿದ್ದು ರೋಗಿಗಳಿಂದ ಅಲ್ಲ, ಗಟ್ಟಿಮುಟ್ಟಾದ ಹುಡುಗರಿಂದ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಆಸುಪಾಸಿನ ಐವರು ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಮಲಗಿಸಿದರು. ಎದ್ದಾಗ ಅವರ ದೇಹ ಆಮ್ಲಜನಕ ಬಳಸಿಕೊಳ್ಳೋ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಕಾಯಿಲೆಯೇ ಇಲ್ಲದವರ ಗತಿ ಇದಾದರೆ ವರ್ಷಗಟ್ಟಲೆ ಕುರ್ಚಿ ಹಿಡಿದ ರೋಗಿಯ ಕಾಲಿನ ಸ್ನಾಯು ಏನಾಗಿರಬೇಡ? ಸೋತ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ಆಮ್ಲ ಉಗುಳುತ್ತೆ, ಅದನ್ನು ಸರಿದೂಗಿಸೋಕೆ ಇನ್ನೂ ಜಾಸ್ತಿ ಉಸಿರಾಡಬೇಕು, ಮೊದಲೇ ಇಕ್ಕಟ್ಟಾದ ಶ್ವಾಸಕೋಶಕ್ಕೆ ಅದು ಆಗೋಲ್ಲ, ಆದ್ದರಿಂದ ರೋಗಿ ಇನ್ನೂ ಕಡಿಮೆ ನಡೀತಾನೆ. ಗಾಣದೆತ್ತಿನ ಸುತ್ತು. ಸುಸ್ತಿಗೆ ಮದ್ದು ಅಂತ ಕೊಟ್ಟ ವಿಶ್ರಾಂತಿಯೇ ಸುಸ್ತನ್ನ ಹೆಚ್ಚು ಮಾಡ್ತಿತ್ತು.

ಈ ಸುತ್ತನ್ನು ಮುರಿಯಬಹುದು ಅನ್ನೋ ಸುಳಿವು ಕೊಟ್ಟವರು ನ್ಯೂಯಾರ್ಕಿನ ಆಲ್ವನ್ ಬಾರಾಕ್. ಆಮ್ಲಜನಕ ಚಿಕಿತ್ಸೆಯಲ್ಲಿ ಹೆಸರು ಮಾಡಿದ್ದ ಇವರು 1952ರಲ್ಲೇ, ರೋಗಿಗಳು ನಡೆಯುತ್ತಾ ಹೋದ ಹಾಗೆ ಉಬ್ಬಸವಿಲ್ಲದೆ ಹೆಚ್ಚು ದೂರ ನಡೆಯೋದನ್ನು ಕಂಡು, ಇದು ಕ್ರೀಡಾಪಟುಗಳ ತರಬೇತಿಯಲ್ಲಿ ಆಗೋ ಬದಲಾವಣೆಯಂಥದ್ದೇ ಅಂತ ಬರೆದರು. ಯಾರೂ ಕಿವಿಗೊಡಲಿಲ್ಲ. 1960ರ ದಶಕದಲ್ಲಿ, ಡೆನಿಸನ್‌ನ ಅದೇ ಡೆನ್ವರಿನಲ್ಲಿ, ಥಾಮಸ್ ಪೆಟ್ಟಿ ಎಂಬ ವೈದ್ಯರು ಲೂಯಿಸ್ ನೆಟ್ ಎಂಬ ನರ್ಸ್ ಜತೆ ಸೇರಿ ಕೆಲಸ ಶುರು ಮಾಡಿದರು. ಹೆಗಲಿಗೆ ಹಾಕಿಕೊಳ್ಳೋ ದ್ರವ ಆಮ್ಲಜನಕದ ಸಿಲಿಂಡರ್ ಕೊಟ್ಟು ರೋಗಿಗಳನ್ನು ನಡೆಸಿದರು. ಉಸಿರಾಟದ ಕ್ರಮ, ಔಷಧಿ ತಗೊಳ್ಳೋ ರೀತಿ, ವ್ಯಾಯಾಮ ಎಲ್ಲವನ್ನೂ ಒಟ್ಟಿಗೆ ಕಲಿಸೋ ಕಾರ್ಯಕ್ರಮ ಅದು. 1969ರಲ್ಲಿ 182 ರೋಗಿಗಳ ವರದಿ ಬಂತು. ಜನ ಹೆಚ್ಚು ನಡೀತಿದ್ದರು, ಆಸ್ಪತ್ರೆ ವಾಸ ಕಡಿಮೆಯಾಗಿತ್ತು. ಶ್ವಾಸಕೋಶದ ಅಳತೆ ಮಾತ್ರ ಹೆಚ್ಚು ಬದಲಾಗಿರಲಿಲ್ಲ.

ಮುಂದಿನ ಇಪ್ಪತ್ತು ವರ್ಷದ ಜಗಳ ಇರೋದು ಆ ಕೊನೇ ವಾಕ್ಯದಲ್ಲಿ. ವೈದ್ಯರ ಲೆಕ್ಕದಲ್ಲಿ ಶ್ವಾಸಕೋಶದ ಕಾಯಿಲೆಗೆ ಒಂದೇ ಮುಖ್ಯ ಅಂಕಿ: ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತೆ ಅನ್ನೋದು. ಆ ಅಂಕಿ ಕದಲದಿದ್ದರೆ ಚಿಕಿತ್ಸೆ ಕೆಲಸ ಮಾಡಿಲ್ಲ. ನಡೀತೀನಿ ಅಂತ ರೋಗಿ ಹೇಳೋದು ಬರೀ ಮನಸ್ಸಿನ ಉತ್ಸಾಹ! 1981ರಲ್ಲಿ ಮೈಕೆಲ್ ಬೆಲ್ಮನ್ ಮತ್ತು ಜತೆಗಾರರು ಆರು ವಾರ ತರಬೇತಿ ಕೊಟ್ಟು ರೋಗಿಗಳ ಸ್ನಾಯುವಿನ ತುಣುಕು ತೆಗೆದು ನೋಡಿದರು. ಅದರ ಕಿಣ್ವಗಳಲ್ಲೂ ಬದಲಾವಣೆ ಕಾಣಲಿಲ್ಲ. ಸಂಶಯ ಇದ್ದವರಿಗೆ ಇನ್ನೇನು ಬೇಕಿತ್ತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ಎಲ್ಲರಿಗೂ ಪರಿಚಯದ ಪರಿಸ್ಥಿತಿ. ಡ್ಯಾಶ್‌ಬೋರ್ಡಿನ ಗೆರೆ ಕದಲಿಲ್ಲ, ಆದರೆ ಬಳಸೋವರ ದೂರು ನಿಂತುಹೋಗಿದೆ. ಆಗ ಬಳಸೋವರು ಸುಳ್ಳು ಹೇಳ್ತಿದ್ದಾರೆ ಅನ್ನೋಕೆ ಮುಂಚೆ ನಾವು ಅಳೀತಿರೋದು ಸರಿಯಾದದ್ದನ್ನೇನಾ ಅಂತ ಕೇಳಬೇಕು. ಈ ಪ್ರಶ್ನೆಯನ್ನು ಕೆಲವರು ಅಷ್ಟರಲ್ಲೇ ಕೇಳಿದ್ದರು. 1976ರಲ್ಲಿ ಮ್ಯಾಕ್‌ಗ್ಯಾವಿನ್, ಗುಪ್ತಾ, ಮ್ಯಾಕ್‌ಹಾರ್ಡಿ ಅನ್ನೋ ಮೂವರು ಬ್ರಿಟನ್‌ನಲ್ಲಿ ಒಂದು ಸರಳ ಪರೀಕ್ಷೆ ತಂದರು. ಆಸ್ಪತ್ರೆ ಕಾರಿಡಾರಿನಲ್ಲಿ ರೋಗಿ ಹನ್ನೆರಡು ನಿಮಿಷ ತನ್ನ ಕೈಲಾದಷ್ಟು ನಡೀಬೇಕು, ಎಷ್ಟು ದೂರ ಅಂತ ಬರೆದುಕೊಳ್ಳಬೇಕು. 1982ರಲ್ಲಿ ಅದು ಆರು ನಿಮಿಷಕ್ಕೆ ಇಳೀತು. ಇವತ್ತಿಗೂ ಜಗತ್ತಿನೆಲ್ಲೆಡೆ ಅದೇ ಆರು ನಿಮಿಷದ ನಡಿಗೆ. ಬೇಕಾದ ಉಪಕರಣ ಒಂದು ಗಡಿಯಾರ, ಒಂದು ಉದ್ದನೆಯ ಓಣಿ.

1991ರಲ್ಲಿ ರಿಚರ್ಡ್ ಕಸಬೂರಿ ತಮ್ಮ ಇಟಲಿಯ ಸಹೋದ್ಯೋಗಿಗಳ ಜತೆ ಸೇರಿ ದೇಹದೊಳಗಿನ ಸಾಕ್ಷಿ ಕೊಟ್ಟರು. ತರಬೇತಿ ಸಾಕಷ್ಟು ಬಿರುಸಾಗಿದ್ದರೆ ಅಷ್ಟೇ ಕೆಲಸಕ್ಕೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಕಡಿಮೆಯಾಗುತ್ತೆ, ಬೇಕಾಗೋ ಉಸಿರೂ ಕಡಿಮೆಯಾಗುತ್ತೆ. ಸುಧಾರಿಸಿದ್ದು ಶ್ವಾಸಕೋಶ ಅಲ್ಲ, ಕಾಲು. 1996ರಲ್ಲಿ ಕೆನಡಾದ ಫ್ರಾಂಸ್ವಾ ಮಾಲ್ತೆ ತಂಡ ಸ್ನಾಯುವಿನ ಕಿಣ್ವಗಳೂ ಹೆಚ್ಚಾಗೋದನ್ನು ತೋರಿಸಿತು. ಈ ಎರಡರ ನಡುವೆ, 1995ರಲ್ಲಿ, ಸ್ಯಾನ್ ಡಿಯಾಗೋದ ಆಂಡ್ರೂ ರೀಸ್ ತಂಡ 119 ರೋಗಿಗಳನ್ನು ಎರಡು ಗುಂಪು ಮಾಡಿ, ಬರೀ ತಿಳಿವಳಿಕೆ ಕೊಟ್ಟವರಿಗಿಂತ ವ್ಯಾಯಾಮವನ್ನೂ ಮಾಡಿಸಿದವರು ಹೆಚ್ಚು ಹೊತ್ತು ನಡೀತಾರೆ, ಕಡಿಮೆ ಏದುಸಿರು ಬಿಡ್ತಾರೆ ಅಂತ ಸಾಬೀತು ಮಾಡಿತು. ಡೆನಿಸನ್‌ನ ಪುಸ್ತಕಕ್ಕೆ ಆಗ ಸರಿಯಾಗಿ ನೂರು ವರ್ಷ.

ಇಷ್ಟೂ ಕಾಲ ತಲೆಯ ಬಗ್ಗೆ ಕೇಳಿದವರು ಕಡಿಮೆ. ಕೇಳಿದ್ದೂ ಬೇರೆ ಯಾವುದೋ ಪರೀಕ್ಷೆಯ ಜತೆಗೆ. 1980ರಲ್ಲಿ ಅಮೆರಿಕದ ಆರು ಕೇಂದ್ರಗಳ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ ಇದ್ದ 203 ಸಿಒಪಿಡಿ ರೋಗಿಗಳಿಗೆ ರಾತ್ರಿ ಮಾತ್ರ ಆಮ್ಲಜನಕ ಕೊಟ್ಟರೆ ಸಾಕಾ, ಇಡೀ ದಿನ ಬೇಕಾ ಅನ್ನೋದು ಪ್ರಶ್ನೆ. ರಾತ್ರಿ ಮಾತ್ರ ಪಡೆದವರಲ್ಲಿ ಸಾವು ಸುಮಾರು ಎರಡು ಪಟ್ಟು. ಆ ಅಧ್ಯಯನದೊಳಗೇ ಇಗೋರ್ ಗ್ರಾಂಟ್, ರಾಬರ್ಟ್ ಹೀಟನ್ ಮುಂತಾದವರು ಇದೇ ರೋಗಿಗಳ ನೆನಪು, ಯೋಚನೆ, ಕೈ-ಕಣ್ಣಿನ ಹೊಂದಾಣಿಕೆಗಳನ್ನೂ ಪರೀಕ್ಷಿಸಿದ್ದರು. 1982ರಲ್ಲಿ ಅದು ಪ್ರಕಟವಾಯ್ತು. ರೋಗಿಗಳಲ್ಲಿ 42 ಶೇಕಡಾ ಜನಕ್ಕೆ ಮಧ್ಯಮದಿಂದ ತೀವ್ರ ಮಟ್ಟದ ಕೊರತೆ ಇತ್ತು. ಕಾಯಿಲೆ ಇಲ್ಲದವರ ಗುಂಪಿನಲ್ಲಿ ಅದು 14 ಶೇಕಡಾ. ಹೆಚ್ಚು ಪೆಟ್ಟು ಬಿದ್ದಿದ್ದು ಮೇಲ್ಮಟ್ಟದ ಯೋಚನೆಗೆ, ಅಂದ್ರೆ ಹೊಸ ವಿಷಯವನ್ನು ಬಿಡಿಸಿ ನೋಡೋದು, ಹಲವನ್ನು ಒಟ್ಟಿಗೆ ಸಂಭಾಳಿಸೋದು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ದೊಡ್ಡಮ್ಮ. ನಲವತ್ತು ವರ್ಷ ಕಟ್ಟಿಗೆ ಒಲೆ ಮುಂದೆ ಕೂತು ಊದುಗೊಳವೆ ಊದಿದವರು. ಬೀಡಿ ಮುಟ್ಟಿದವರಲ್ಲ. ದಮ್ಮಿನ ಜತೆ ಅವರಿಗೆ ಮರೆವೂ ಬಂತು. ಇನ್‌ಹೇಲರ್ ಕುಲುಕಬೇಕು, ಉಸಿರು ಪೂರ್ತಿ ಬಿಡಬೇಕು, ಒತ್ತುವಾಗಲೇ ಎಳೀಬೇಕು, ಹತ್ತು ಎಣಿಸೋವರೆಗೂ ಹಿಡಿದಿರಬೇಕು. ಮಾತಿನಲ್ಲಿ ನಾಲ್ಕೇ ಹೆಜ್ಜೆ, ಅವರಿಗೆ ಪ್ರತಿ ಸಲ ಒಂದು ತಪ್ಪುತ್ತಿತ್ತು. "ಅರಳು ಮರಳು, ವಯಸ್ಸಾಯ್ತಲ್ಲ" ಅಂತ ಮನೆಯವರು ನಕ್ಕು ಸುಮ್ಮನಾಗ್ತಿದ್ದರು. "ಮರ್ತೋಗುತ್ತೆ ಕಣೋ ಮಗ, ಏನ್ ಮಾಡ್ಲಿ" ಅಂತ ಅವರೂ ನಗ್ತಿದ್ದರು. ಎದೆಯ ಕಾಯಿಲೆಗೂ ಈ ಮರೆವಿಗೂ ನಂಟಿರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಮರೆವಿನಿಂದ ಔಷಧಿ ತಪ್ಪುತ್ತೆ, ಔಷಧಿ ತಪ್ಪಿದರೆ ಉಬ್ಬಸ ಏರುತ್ತೆ. ಇದು ಇನ್ನೊಂದು ಗಾಣ.

ಮುಂದಿನ ಪ್ರಶ್ನೆ ಸಹಜ: ವ್ಯಾಯಾಮ ಕಾಲನ್ನು ಸರಿ ಮಾಡುತ್ತೆ, ತಲೆಯನ್ನೂ ಮಾಡುತ್ತಾ? ಇದನ್ನು ಪಟ್ಟು ಹಿಡಿದು ಕೇಳಿದವರು ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಎಮೆರಿ. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಐವತ್ತು ದಾಟಿದ 79 ರೋಗಿಗಳಿದ್ದರು. ಮೂರು ಗುಂಪು. ಒಂದಕ್ಕೆ ಹತ್ತು ವಾರ ವ್ಯಾಯಾಮ, ಜತೆಗೆ ಕಾಯಿಲೆಯ ತಿಳಿವಳಿಕೆ ಮತ್ತು ಒತ್ತಡ ನಿರ್ವಹಣೆಯ ಪಾಠ. ಎರಡನೆಯದಕ್ಕೆ ಪಾಠ ಮಾತ್ರ. ಮೂರನೆಯದಕ್ಕೆ ಕಾಯುವ ಪಟ್ಟಿ. ವ್ಯಾಯಾಮ ಮಾಡಿದವರಲ್ಲಿ ಆತಂಕ ಇಳೀತು, ದಮ್ಮು ಹಿಡಿಯೋ ಶಕ್ತಿ ಹೆಚ್ಚಿತು. ಜತೆಗೆ ಇನ್ನೊಂದು ಪರೀಕ್ಷೆಯಲ್ಲೂ ಅವರು ಮುಂದೆ ಬಂದರು: ಕೊಟ್ಟ ಸಮಯದಲ್ಲಿ ಎಷ್ಟು ಪದ ಹೇಳ್ತೀರಿ ಅನ್ನೋ ಪರೀಕ್ಷೆ. ಒಂದು ನಿಮಿಷದಲ್ಲಿ ಗೊತ್ತಿರೋ ಪ್ರಾಣಿಗಳ ಹೆಸರು ಹೇಳಿ ಅಂತ ಕೇಳೋದು ಇದರಲ್ಲಿ ಒಂದು ಬಗೆ. ಮಕ್ಕಳಾಟ ಅನ್ನಿಸಬಹುದು. ಆದರೆ ತಲೆಯೊಳಗಿನ ಗೂಡುಗಳಲ್ಲಿ ಹುಡುಕಬೇಕು, ಹೇಳಿದ್ದನ್ನು ಮತ್ತೆ ಹೇಳಬಾರದು, ಒಂದು ಗೂಡು ಖಾಲಿಯಾದರೆ ತಟ್ಟನೆ ಇನ್ನೊಂದಕ್ಕೆ ಹಾರಬೇಕು. ಮಿದುಳಿನ ಮುಂಭಾಗಕ್ಕೆ ಒಳ್ಳೆ ಕೆಲಸ ಅದು.

2001ರಲ್ಲಿ ಎಮೆರಿ ಇನ್ನೊಂದು ವಿಷಯ ತೋರಿಸಿದರು. ಒಂದೇ ಒಂದು ಸಲ, ಸುಮಾರು 20 ನಿಮಿಷ ವ್ಯಾಯಾಮ ಮಾಡಿದ ಬೆನ್ನಿಗೇ ಸಿಒಪಿಡಿ ಇದ್ದವರ ಪದ ಹುಡುಕೋ ಶಕ್ತಿ ಸುಧಾರಿಸುತ್ತೆ. ಆರೋಗ್ಯವಾಗಿದ್ದವರಲ್ಲಿ ಹಾಗಾಗಲಿಲ್ಲ. 2003ರ ವರದಿ ಮೊದಲ ಅಧ್ಯಯನದವರನ್ನೇ ಒಂದು ವರ್ಷ ಹಿಂಬಾಲಿಸಿದ್ದು. ವ್ಯಾಯಾಮ ಮುಂದುವರಿಸಿದವರು ಗಳಿಸಿದ್ದನ್ನು ಉಳಿಸಿಕೊಂಡಿದ್ದರು. ಬಿಟ್ಟವರು ಇಳಿದಿದ್ದರು.

ಇಲ್ಲಿ ಜೋರಾಗಿ ಶಂಖ ಊದೋದು ಬೇಡ. ಇವೆಲ್ಲ ಸಣ್ಣ ಅಧ್ಯಯನಗಳು. ಸುಧಾರಿಸಿದ್ದು ಎಲ್ಲ ಬಗೆಯ ಬುದ್ಧಿಶಕ್ತಿಯೂ ಅಲ್ಲ. ನಡಿಗೆ ಮರೆವಿಗೆ ರಾಮಬಾಣ ಅಂತ ಯಾರೂ ಹೇಳಿಲ್ಲ. ಆದರೆ ಒಂದು ವಿಷಯ ಗಮನಿಸಿ: ವ್ಯಾಯಾಮದಿಂದ ಹಾಳಾದ ಗಾಳಿಚೀಲ ರಿಪೇರಿ ಆಗೋಲ್ಲ. ಹಾಗಿದ್ದೂ ತಲೆಯಲ್ಲಿ ಬದಲಾವಣೆ ಕಂಡಿದೆ ಅಂದ್ರೆ, ಮಂಕಿಗೆ ಕಾರಣ ಬರೀ ಶ್ವಾಸಕೋಶ ಇರಲಾರದು. ಮೈತುಂಬ ಹರಡಿದ ಉರಿಯೂತ, ಮಿದುಳಿಗೆ ಹೋಗೋ ರಕ್ತ, ಖಿನ್ನತೆ, ಮನೆಯ ಮೂಲೆಯಲ್ಲಿ ಒಬ್ಬರೇ ಕೂರೋದು, ಎಲ್ಲವೂ ಇದರಲ್ಲಿ ಪಾಲುದಾರರು. ಇವುಗಳಲ್ಲಿ ಕೆಲವನ್ನು ಕಾಲು ಅಲ್ಲಾಡಿಸಿ ಬದಲಿಸಬಹುದು.

ಕಾಲು, ಉಸಿರು, ಬದುಕಿನ ನೆಮ್ಮದಿಯ ಮಟ್ಟಿಗಂತೂ ಪ್ರಶ್ನೆ ಮುಗಿದಿದೆ. 2015ರ ಕಾಕ್ರನ್ ವಿಮರ್ಶೆ 65 ಪ್ರಯೋಗಗಳ 3,822 ರೋಗಿಗಳ ಲೆಕ್ಕ ಒಟ್ಟು ಹಾಕಿತು. ಇದು ಕೆಲಸ ಮಾಡುತ್ತಾ ಅಂತ ಇನ್ನೂ ಹೊಸ ಪ್ರಯೋಗ ಮಾಡೋ ಅಗತ್ಯ ಇಲ್ಲ ಅನ್ನೋ ಮಟ್ಟಕ್ಕೆ ಉತ್ತರ ಸ್ಪಷ್ಟವಾಗಿತ್ತು.

ಈಗ ನಮ್ಮ ಲೆಕ್ಕ ನೋಡಿ. ಭಾರತದಲ್ಲಿ ಸಿಒಪಿಡಿ ಇರೋವರು 1990ರಲ್ಲಿ 2.81 ಕೋಟಿ, 2016ರಲ್ಲಿ 5.53 ಕೋಟಿ ಅಂತ ಅಂದಾಜು. ಈ ಕಾಯಿಲೆಯ ಹೊರೆಯಲ್ಲಿ 53.7 ಶೇಕಡಾ ಪಾಲು ಗಾಳಿಯ ಮಾಲಿನ್ಯದ್ದು, ತಂಬಾಕಿನದು 25.4 ಶೇಕಡಾ. ಗಾಳಿಯ ಮಾಲಿನ್ಯ ಅಂದ್ರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹೊಗೆ ಮಾತ್ರ ಅಲ್ಲ, ಕಟ್ಟಿಗೆ, ಬೆರಣಿ ಉರಿಸಿದ ಅಡುಗೆಮನೆಯದ್ದೂ ಸೇರಿ. ಅಂದ್ರೆ ನಮ್ಮನ್ನೆಲ್ಲ ಇಂಜಿನಿಯರ್ ಮಾಡೋಕೆ ಬೆಳಿಗ್ಗೆ ಐದಕ್ಕೆದ್ದು ರೊಟ್ಟಿ ಸುಟ್ಟು, ಮುದ್ದೆ ತೊಳಸಿದವರದ್ದು. ಅವರಲ್ಲಿ ಹೆಚ್ಚಿನವರಿಗೆ ಇನ್‌ಹೇಲರ್ ಸಿಗೋದೇ ಕಷ್ಟ. ಇನ್ನು ಪಲ್ಮನರಿ ರಿಹ್ಯಾಬಿಲಿಟೇಶನ್ ಅನ್ನೋ ಹೆಸರು ಕೇಳಿದವರು ಎಷ್ಟು ಜನ?

ಬೇಸರ ಯಾಕೆ ಅಂದ್ರೆ, ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಆರರಿಂದ ಎಂಟು ವಾರ, ವಾರಕ್ಕೆ ಎರಡು ಮೂರು ಸಲ, ಒಬ್ಬ ಫಿಸಿಯೋಥೆರಪಿಸ್ಟ್, ಒಂದು ಕಾರಿಡಾರ್, ಬೆರಳಿಗೆ ಹಾಕೋ ಆಕ್ಸಿಮೀಟರ್. ಆ ಪುಟ್ಟ ಸಾಧನವಂತೂ ಕೋವಿಡ್ ಕಾಲದಲ್ಲಿ ಕೊಂಡದ್ದು ನಮ್ಮಲ್ಲಿ ಎಷ್ಟೋ ಮನೆಗಳ ಡ್ರಾಯರಿನಲ್ಲಿ ಬಿದ್ದಿದೆ. ಹಾಗಂತ ಯೂಟ್ಯೂಬ್ ನೋಡಿ ಅಮ್ಮನನ್ನು ಓಡಿಸೋಕೆ ಹೋಗಬೇಡಿ. ಹೃದಯದ ತೊಂದರೆ ಇದೆಯಾ, ನಡೆದಾಗ ಆಮ್ಲಜನಕ ಎಷ್ಟು ಇಳಿಯುತ್ತೆ ಅನ್ನೋದನ್ನು ವೈದ್ಯರು ನೋಡಬೇಕು. ಪ್ಯಾಟರ್ಸನ್ ಕೂಡ ಥರ್ಮಾಮೀಟರ್ ನೋಡದೆ ಯಾರ ಕೈಗೂ ಸಲಿಕೆ ಕೊಡ್ತಿರಲಿಲ್ಲ.

ಮುಂದಿನ ಸಲ ಊರಿಂದ ಯಾರನ್ನಾದರೂ ದಮ್ಮು ಅಂತ ಡಾಕ್ಟರ ಹತ್ತಿರ ಕರ್ಕೊಂಡು ಹೋದಾಗ, ಮಾತ್ರೆ ಚೀಟಿ ಕೈಗೆ ಬಂದ ಮೇಲೂ ಒಂದು ನಿಮಿಷ ಅಲ್ಲೇ ಕೂತು ಎರಡು ಪ್ರಶ್ನೆ ಕೇಳಿ. ಇವರು ದಿನಕ್ಕೆ ಎಷ್ಟು ನಡೀಬಹುದು, ಯಾರು ಕಲಿಸ್ತಾರೆ? ಇತ್ತೀಚೆಗೆ ಮರೆವು ಜಾಸ್ತಿಯಾಗಿದೆ, ಅದಕ್ಕೂ ಈ ಕಾಯಿಲೆಗೂ ಸಂಬಂಧ ಇದೆಯಾ? ಮೊದಲನೆಯದಕ್ಕೆ ಉತ್ತರ ಸಿಗೋಕೆ ವೈದ್ಯಲೋಕಕ್ಕೆ ನೂರು ವರ್ಷ ಹಿಡೀತು. ಎರಡನೆಯದರ ಉತ್ತರ ಇನ್ನೂ ಪೂರ್ತಿ ಆಗಿಲ್ಲ. ಅದು ಬೇಗ ಪೂರ್ತಿಯಾಗಬೇಕಾದರೆ ಆ ಪ್ರಶ್ನೆ ಲ್ಯಾಬಿನಲ್ಲಿ ಮಾತ್ರ ಕೇಳಿಬಂದರೆ ಸಾಲದು, ಓಪಿಡಿ ಸಾಲಿನಲ್ಲೂ ಕೇಳಿಬರಬೇಕು.